ಮಾತು ತಿಳಿಯಾಗಲು ಮೊದಲು ವಿದ್ಯುತ್ ತಿಳಿಯಾಗಬೇಕು

ಎರಡನೇ ಮಹಾಯುದ್ಧದ ಬ್ರಿಟಿಷ್ ಟ್ಯಾಂಕುಗಳಲ್ಲಿ ‘ವೈರ್‌ಲೆಸ್ ಸೆಟ್ ನಂ. 19’ ಎಂಬ ರೇಡಿಯೊ ಇರುತ್ತಿತ್ತು. ಕೇಂಬ್ರಿಡ್ಜಿನ ಪೈ ಕಂಪನಿ ರೂಪಿಸಿದ ಈ ಒಂದು ಪೆಟ್ಟಿಗೆಗೆ ಮೂರು ಕೆಲಸ: ದೂರದ ತುಕಡಿಗಳೊಡನೆ ಮಾತು, ಹತ್ತಿರದ ಟ್ಯಾಂಕುಗಳೊಡನೆ ಮಾತು, ಟ್ಯಾಂಕಿನೊಳಗಿನ ಸಿಬ್ಬಂದಿ ನಡುವೆ ಮಾತು. ಎಂಜಿನ್ನಿನ ಅಬ್ಬರದಲ್ಲಿ ಪಕ್ಕದಲ್ಲಿ ಕೂತವನು ಕೂಗಿದರೂ ಕೇಳಿಸದಂಥ ಜಾಗವದು. ರೇಡಿಯೊ ಎಂದಾಗ ನಮ್ಮ ಗಮನ ಆಂಟೆನಾದತ್ತ ಹೋಗುತ್ತದೆ. ಆದರೆ ಕಿವಿಗೆ ಬಿದ್ದ ಮಾತು ಅರ್ಥವಾಗುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಪವರ್ ಸಪ್ಲೈ ಮತ್ತು ಆಡಿಯೊ ಆಂಪ್ಲಿಫೈಯರ್. ಇವೆರಡನ್ನೂ ಒಟ್ಟಿಗೇ ನೋಡಬೇಕು.

ವಾಹನದ ಬ್ಯಾಟರಿ ಕೊಡುವುದು 12 ವೋಲ್ಟ್. ವಾಲ್ವ್‌ಗಳನ್ನು, ಅಂದರೆ ಆ ಕಾಲದ ರೇಡಿಯೊದ ನಿರ್ವಾತ ನಳಿಕೆಗಳನ್ನು, ಕಾಯಿಸಲು ಅಷ್ಟು ಸಾಕು, 6.3 ವೋಲ್ಟ್‌ನ ಎರಡೆರಡು ವಾಲ್ವ್‌ಗಳನ್ನು ಸಾಲಾಗಿ ಜೋಡಿಸಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಕಾದ ಲೋಹದಿಂದ ಹೊರಬಿದ್ದ ಎಲೆಕ್ಟ್ರಾನುಗಳನ್ನು ಆನೋಡ್ ತನ್ನತ್ತ ಸೆಳೆಯಲು ನೂರಾರು ವೋಲ್ಟ್ ಬೇಕು. ನಂ. 19ರಲ್ಲಿ ಗ್ರಾಹಕ ಭಾಗಕ್ಕೆ ಸುಮಾರು 275, ಪ್ರಸಾರದ ಕೊನೆಯ ವಾಲ್ವ್‌ಗೆ ಸುಮಾರು 500 ವೋಲ್ಟ್ ಬೇಕಿತ್ತು.

ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಏರಿಸಬಹುದಲ್ಲ ಎನ್ನಬಹುದು. ಬ್ಯಾಟರಿಯ ವಿದ್ಯುತ್ ಏರಿಳಿತವಿಲ್ಲದೆ ಒಂದೇ ದಿಕ್ಕಿಗೆ ಹರಿಯುವಂಥದ್ದು. ಟ್ರಾನ್ಸ್‌ಫಾರ್ಮರ್‌ಗೆ ಏರಿಳಿತವೇ ಆಹಾರ. ಆಗ ಎರಡು ಉಪಾಯಗಳಿದ್ದವು. ಒಂದು, ಡೈನಮೋಟರ್: ತಿರುಗುವ ಒಂದೇ ಆರ್ಮೇಚರ್ ಮೇಲೆ ಎರಡು ಸುರುಳಿ. ದಪ್ಪ ತಂತಿಯದು ಬ್ಯಾಟರಿಯಿಂದ ಮೋಟಾರಿನಂತೆ ತಿರುಗುತ್ತದೆ, ಸಣ್ಣ ತಂತಿಯದು ಜನರೇಟರಿನಂತೆ ಹೆಚ್ಚು ವೋಲ್ಟ್ ಹುಟ್ಟಿಸುತ್ತದೆ. ಇನ್ನೊಂದು, ವೈಬ್ರೇಟರ್: ಸೆಕೆಂಡಿಗೆ ನೂರರ ಆಸುಪಾಸು ಬಾರಿ ಅದುರುವ ಲೋಹದ ಪಟ್ಟಿ ಬ್ಯಾಟರಿಯ ವಿದ್ಯುತ್ತನ್ನು ಕಡಿಕಡಿದು ಟ್ರಾನ್ಸ್‌ಫಾರ್ಮರ್‌ಗೆ ಕೊಡುತ್ತದೆ. ಆಮೇಲೆ ಅದನ್ನು ಮತ್ತೆ ಒಂದೇ ದಿಕ್ಕಿಗೆ ತಿರುಗಿಸಿ ಕೆಪಾಸಿಟರುಗಳಿಂದ ನಯಗೊಳಿಸಬೇಕು.

ಏರಿಸಿದ್ದಕ್ಕೆ ಬೆಲೆ ಇದೆ. 500 ವೋಲ್ಟ್‌ನಲ್ಲಿ 50 ಮಿಲಿಆಂಪಿಯರ್ ಎಂದರೆ 25 ವ್ಯಾಟ್. ಒಂದಿಷ್ಟೂ ನಷ್ಟವಾಗದಿದ್ದರೂ 12 ವೋಲ್ಟ್ ಬ್ಯಾಟರಿಯಿಂದ ಎರಡು ಆಂಪಿಯರಿಗಿಂತ ಹೆಚ್ಚು ಎಳೆಯಬೇಕು. ಡೈನಮೋಟರಿನ ತಿಕ್ಕಾಟ, ಬಿಸಿ ಸೇರಿದರೆ ಇನ್ನೂ ಹೆಚ್ಚು.

ಈಗ ಆಂಪ್ಲಿಫೈಯರ್. ಅದು ಸಣ್ಣ ದನಿಯನ್ನು ಹಿಗ್ಗಿಸುತ್ತದೆ ಎನ್ನುವುದು ವಾಡಿಕೆ. ನಿಜಕ್ಕೂ ಅದರ ಕೆಲಸ ಕೆರೆಯ ತೂಬಿನದು. ತೂಬು ಎತ್ತಿಳಿಸಲು ಸ್ವಲ್ಪ ಬಲ ಸಾಕು, ಹರಿಯುವುದು ಮಾತ್ರ ಕೆರೆಯ ನೀರು. ವಾಲ್ವ್‌ನ ಗ್ರಿಡ್ಡಿಗೆ (ಒಳಗಿನ ಜಾಲರಿಗೆ) ಬರುವ ದುರ್ಬಲ ಸಂಕೇತ, ಪವರ್ ಸಪ್ಲೈಯಿಂದ ಹರಿಯುವ ವಿದ್ಯುತ್ತನ್ನು ತನ್ನ ಏರಿಳಿತಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡುತ್ತದೆ. ಅಂದರೆ ಹೆಡ್‌ಫೋನನ್ನು ಅದುರಿಸುವುದು ಮಾತಿನ ಆಕಾರ ಪಡೆದ ಬ್ಯಾಟರಿಯ ಶಕ್ತಿ. ಕೆರೆ ರಾಡಿಯಾದರೆ ತೂಬು ಎಷ್ಟು ನಾಜೂಕಾಗಿದ್ದರೂ ಗದ್ದೆಗೆ ಹೋಗುವುದು ರಾಡಿ ನೀರೇ.

ವಾಹನದಲ್ಲಂತೂ ರಾಡಿಗೆ ಕೊರತೆಯಿಲ್ಲ. ಸ್ಪಾರ್ಕ್ ಪ್ಲಗ್ಗಿನ ಕಿಡಿ ಚಟಪಟ ಎನ್ನುತ್ತದೆ, ಡೈನಮೋಟರಿನ ಬ್ರಷ್ ಕೀಂಯ್‌ಗುಡುತ್ತದೆ, ವೈಬ್ರೇಟರಿನ ಅದುರು ಗುಂಯ್ ಎನ್ನುತ್ತದೆ. ಆದ್ದರಿಂದಲೇ ವಿದ್ಯುತ್ ಬರುವ ದಾರಿಯಲ್ಲಿ ಸುರುಳಿ, ಕೆಪಾಸಿಟರುಗಳ ಸೋಸುವ ಜಾಲ ಇರುತ್ತದೆ. ಆಂಪ್ಲಿಫೈಯರಿನ ಮೊದಲ ಹಂತಕ್ಕೆ ಹೆಚ್ಚು ಕಾವಲು ಬೇಕು, ಅಲ್ಲಿ ನುಸುಳಿದ ಗದ್ದಲ ಮುಂದಿನ ಹಂತಗಳಲ್ಲೆಲ್ಲ ಬೆಳೆಯುತ್ತಾ ಹೋಗುತ್ತದೆ. ಕೊನೆಯ ಹಂತ ಜೋರಾಗಿ ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿದು, ಆ ಕುಸಿತವೇ ಮೊದಲ ಹಂತಕ್ಕೆ ಸಂಕೇತದಂತೆ ತಲುಪಿ, ಸೆಟ್ಟು ತಾನಾಗಿಯೇ ಬುಡುಬುಡು ಸದ್ದು ಮಾಡುವುದೂ ಉಂಟು. ಇದನ್ನು ತಡೆಯಲು ಹಂತಹಂತಕ್ಕೂ ಪ್ರತ್ಯೇಕ ರೆಸಿಸ್ಟರ್, ಕೆಪಾಸಿಟರ್ ಇಡುತ್ತಾರೆ. ಇನ್ನು ಮಾತು ಅರ್ಥವಾಗಲು ಸುಮಾರು 300ರಿಂದ 3,000 ಹರ್ಟ್ಸ್ ಸಾಕು. ಆ ಮಿತಿಯಾಚೆಗಿನದನ್ನು ಬಿಟ್ಟುಬಿಟ್ಟರೆ ಎಂಜಿನ್ನಿನ ಗುಡುಗೂ ಮೇಲಿನ ಸರಸರವೂ ಬಹಳಷ್ಟು ತಗ್ಗುತ್ತವೆ. ಸೈನಿಕ ರೇಡಿಯೊದ ದನಿ ಸಂಗೀತಕ್ಕೆ ಒಗ್ಗದಿರುವುದು ಈ ಕಾರಣಕ್ಕೆ.

ವಾಲ್ವ್‌ಗಳ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದ ಮೇಲೆ ನೂರಾರು ವೋಲ್ಟ್‌ಗಳ ಹಂಗು ತಪ್ಪಿತು. ಸೇನೆಗೆ ಎಲೆಕ್ಟ್ರಾನಿಕ್ ಸಲಕರಣೆ ಒದಗಿಸಲು 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ವಾಲ್ವ್ ತಯಾರಿಕೆ ಆರಂಭಿಸಿದ್ದು 1961ರಲ್ಲಿ. ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೂ ಕೈಹಾಕಿತು. ಬದಲಾವಣೆಯ ವೇಗ ಅಂಥದ್ದು.

ವೋಲ್ಟೇಜ್ ಇಳಿದರೂ ಅಪಾಯ ಇಳಿಯಲಿಲ್ಲ. ಸಾವಿರ ಪೆಟ್ಟು ತಡೆದುಕೊಳ್ಳುವ ವಾಲ್ವ್‌ಗಿಂತ ಟ್ರಾನ್ಸಿಸ್ಟರ್ ಸೂಕ್ಷ್ಮ. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯ ಸಂಪರ್ಕ ಕಡಿದರೆ ವೋಲ್ಟೇಜ್ ಥಟ್ಟನೆ ಉಕ್ಕುತ್ತದೆ. 28 ವೋಲ್ಟ್‌ನ ಸೇನಾ ವಾಹನಗಳಿಗಾಗಿ ಅಮೆರಿಕ ರೂಪಿಸಿದ ‘ಮಿಲ್-ಸ್ಟ್ಯಾಂಡರ್ಡ್ 1275’ ಮಾನಕ 100 ವೋಲ್ಟ್‌ವರೆಗಿನ ಕ್ಷಣಿಕ ಉಬ್ಬರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಂದಿನ ಸ್ವಿಚಿಂಗ್ ಪವರ್ ಸಪ್ಲೈ ವೈಬ್ರೇಟರಿನ ಕೆಲಸವನ್ನೇ ಸೆಕೆಂಡಿಗೆ ಲಕ್ಷಾಂತರ ಬಾರಿ ಮಾಡುತ್ತದೆ. ಅದರ ಸದ್ದು ಕಿವಿಗೆ ನಿಲುಕದು, ಆದರೆ ರೇಡಿಯೊ ಅಲೆಗಳ ವ್ಯಾಪ್ತಿಗೆ ಹರಡಿ ಗ್ರಾಹಕವನ್ನೇ ಕಾಡಬಹುದು. ಸೋಸುವ ಕೆಲಸ ತಪ್ಪಲಿಲ್ಲ, ಜಾಗ ಬದಲಾಯಿತು.

ಹಳೆಯ ಸೆಟ್ಟು ಗುಂಯ್‌ಗುಟ್ಟಿದರೆ ನುರಿತ ರಿಪೇರಿಯವರು ಆಂಪ್ಲಿಫೈಯರಿಗಿಂತ ಮೊದಲು ಪವರ್ ಸಪ್ಲೈಯಲ್ಲಿ ಒಣಗಿದ ಕೆಪಾಸಿಟರ್ ಹುಡುಕುವುದು ಇದಕ್ಕೇ. ನಿಮ್ಮ ಕಾರಿನ ಸ್ಟೀರಿಯೊದಲ್ಲಿ ಆಕ್ಸಿಲರೇಟರ್ ಒತ್ತಿದಂತೆ ಏರುವ ಕೀರಲು ಸದ್ದು ಕೇಳಿದರೆ, ಸ್ಪೀಕರ್ ಬದಲಿಸುವ ಮುನ್ನ ವಿದ್ಯುತ್ ತಂತಿ ಮತ್ತು ಅರ್ಥಿಂಗ್ ನೋಡಿಸಿ.