ಕಟ್ಟೆ ಏರದ ಜನರಲ್

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಫೋರ್ಟ್ ಬ್ರ್ಯಾಗ್ ಎಂಬ ದೊಡ್ಡ ಸೇನಾ ನೆಲೆಯಿದೆ. 1861ರಿಂದ 65ರವರೆಗಿನ ಅಂತರ್ಯುದ್ಧದಲ್ಲಿ ದಕ್ಷಿಣದ ಕಾನ್ಫೆಡರೇಟ್ ರಾಜ್ಯಗಳ ಪರವಾಗಿ ಕಾದಾಡಿದ ಬ್ರ್ಯಾಕ್ಸ್‌ಟನ್ ಬ್ರ್ಯಾಗ್‌ನ ಹೆಸರು ಅದಕ್ಕಿತ್ತು. ಗುಲಾಮಗಿರಿ ಉಳಿಸಿಕೊಳ್ಳಲು ಸ್ವಂತ ದೇಶದ ಸೇನೆಯ ಮೇಲೆಯೇ ಕೋವಿ ಎತ್ತಿದವನ ಹೆಸರು ಅದೇ ಸೇನೆಯ ನೆಲೆಗೆ ಯಾಕೆ ಎಂಬ ಪ್ರಶ್ನೆ 2020ರ ಪ್ರತಿಭಟನೆಗಳ ಹೊತ್ತಿಗೆ ಜೋರಾಯಿತು. ಸಂಸತ್ತು ಕಾನೂನು ಮಾಡಿತು. 2023ರಲ್ಲಿ ನೆಲೆಯ ಹೆಸರು ಫೋರ್ಟ್ ಲಿಬರ್ಟಿ ಆಯಿತು. 2025ರಲ್ಲಿ ಸರ್ಕಾರ ಬದಲಾದದ್ದೇ ತಡ, ಮತ್ತೆ ಫೋರ್ಟ್ ಬ್ರ್ಯಾಗ್. ಆದರೆ ಈ ಬ್ರ್ಯಾಗ್ ಆ ಬ್ರ್ಯಾಗ್ ಅಲ್ಲವಂತೆ! ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ರೋಲಂಡ್ ಬ್ರ್ಯಾಗ್ ಎಂಬ ಸಾಮಾನ್ಯ ಸಿಪಾಯಿಯಂತೆ.

ಎದುರಾಳಿಯ ಹೆಸರಿನವನನ್ನೇ ಎಲ್ಲಿಂದಲೋ ಹುಡುಕಿ ತಂದು ಪಕ್ಷೇತರನಾಗಿ ನಾಮಪತ್ರ ಹಾಕಿಸುವ ನಮ್ಮ ಚುನಾವಣಾ ಕಸುಬು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಕಾನ್ಫೆಡರೇಟ್ ಜನರಲ್‌ಗಳ ಹೆಸರಿಡಬಾರದು ಎಂದಷ್ಟೇ ಕಾನೂನು ಹೇಳಿತ್ತು. ಅದೇ ಅಡ್ಡಹೆಸರಿನ ಬೇರೆಯವರ ಹೆಸರಿಡಬಾರದು ಎಂದು ಹೇಳಿರಲಿಲ್ಲ. ಹಾಗಾಗಿ ವರ್ಜೀನಿಯಾದ ಫೋರ್ಟ್ ಲೀ ಕೂಡ ಮರಳಿತು. ಈಗ ಅದು ಕಾನ್ಫೆಡರೇಟ್ ಜನರಲ್ ರಾಬರ್ಟ್ ಇ. ಲೀಯದ್ದಲ್ಲ, ಶೌರ್ಯಪದಕ ಪಡೆದ ಫಿಟ್ಜ್ ಲೀ ಎಂಬ ಕಪ್ಪು ಸೈನಿಕನದ್ದು. ಆ ಸೈನಿಕನಿಗೆ ಸಲ್ಲಬೇಕಾದ ಗೌರವ ಸಲ್ಲಲಿ, ಯಾರು ಬೇಡವೆಂದರು? ಆದರೆ ಆತನನ್ನು ಹುಡುಕಿ ತಂದದ್ದು ಶೌರ್ಯಕ್ಕಲ್ಲ, ಅಡ್ಡಹೆಸರಿಗೆ ಎಂಬುದು ಹೆಸರಿಟ್ಟವರಿಗೂ ಗೊತ್ತು, ಚಪ್ಪಾಳೆ ತಟ್ಟಿದವರಿಗೂ ಗೊತ್ತು.

ಇದಕ್ಕೆಲ್ಲ ಸಮರ್ಥನೆ ಒಂದೇ: ಇತಿಹಾಸವನ್ನು ಅಳಿಸಬಾರದು. ಪ್ರತಿಮೆ ಇಳಿಸಿದರೆ ಇತಿಹಾಸ ಅಳಿಯುತ್ತದೆ, ಹೆಸರು ಬದಲಿಸಿದರೆ ಇತಿಹಾಸ ಸಾಯುತ್ತದೆ. ಸರಿ. ಹಾಗಾದರೆ ನನ್ನದೊಂದು ಸಣ್ಣ ಪ್ರಶ್ನೆ. ಜೇಮ್ಸ್ ಲಾಂಗ್‌ಸ್ಟ್ರೀಟ್ ಹೆಸರಿನ ನೆಲೆ ಎಲ್ಲಿದೆ?

ಲಾಂಗ್‌ಸ್ಟ್ರೀಟ್ ಎಂದರೆ ಯಾರೋ ಮೂಲೆಯ ಕ್ಯಾಪ್ಟನ್ ಅಲ್ಲ. ಲೀಯ ಸೈನ್ಯದ ಮೊದಲ ಕೋರಿನ ದಂಡನಾಯಕ, ಲೀ ತನ್ನ ಹಳೆಯ ಯುದ್ಧಕುದುರೆ ಎಂದು ಕರೆದ ಮನುಷ್ಯ. 1862ರ ಜನವರಿ ಕೊನೆಯಲ್ಲಿ ರಿಚ್ಮಂಡ್‌ನಲ್ಲಿ ಜ್ವರದ ಬೇಗೆಗೆ ಒಂದು ವಾರದ ಅಂತರದಲ್ಲಿ ಮೂವರು ಮಕ್ಕಳನ್ನು ಕಳೆದುಕೊಂಡು ಮತ್ತೆ ಯುದ್ಧಕ್ಕೆ ಹೋದವನು. 1864ರಲ್ಲಿ ವೈಲ್ಡರ್ನೆಸ್ ಕಾಳಗದಲ್ಲಿ ತನ್ನದೇ ಕಡೆಯವರ ಗುಂಡು ಗಂಟಲಿಗೆ ಬಿದ್ದರೂ ಬದುಕಿ ಬಂದವನು. ಕಾನ್ಫೆಡರೇಟರ ಹೆಸರು ಹೊತ್ತಿದ್ದ ಒಂಬತ್ತು ನೆಲೆಗಳಲ್ಲಿ ಆತನ ಹೆಸರಿನದು ಒಂದೂ ಇರಲಿಲ್ಲ. ಸೋಲಿನ ಮೇಲೆ ಸೋಲು ತಂದು ತನ್ನ ಸೈನಿಕರಿಂದಲೇ ಬೈಸಿಕೊಂಡ ಬ್ರ್ಯಾಗ್‌ಗೆ ನೆಲೆ ಸಿಕ್ಕಿತು. 1863ರ ಗೆಟಿಸ್‌ಬರ್ಗ್ ಕಾಳಗದಲ್ಲಿ ಸಾವಿರಾರು ಜನರನ್ನು ಬಯಲಿನಲ್ಲಿ ಸಾವಿನ ಬಾಯಿಗೆ ನಡೆಸಿದ ಪಿಕೆಟ್‌ಗೆ ಸಿಕ್ಕಿತು. ಆ ದಾಳಿ ಬೇಡವೇ ಬೇಡ ಎಂದು ಲೀ ಎದುರು ವಾದಿಸಿದವನಿಗೆ ಸಿಗಲಿಲ್ಲ.

ಕೆಲವು ವರ್ಷಗಳ ಹಿಂದೆ ಗೆಟಿಸ್‌ಬರ್ಗ್‌ಗೆ ಹೋಗಿದ್ದೆ. ವೆಸ್ಟ್ ಕಾನ್ಫೆಡರೇಟ್ ಅವೆನ್ಯೂ ಎಂಬ ರಸ್ತೆಯಲ್ಲಿ ವರ್ಜೀನಿಯಾ ರಾಜ್ಯದ ಸ್ಮಾರಕವಿದೆ. 1917ರಲ್ಲಿ ಅನಾವರಣವಾದದ್ದು, 41 ಅಡಿ ಎತ್ತರ, ತುದಿಯಲ್ಲಿ ಕುದುರೆಯೇರಿದ ಲೀ. ನೋಡಬೇಕಾದರೆ ಕತ್ತು ನೋಯುತ್ತದೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಪಿಟ್ಜರ್ ವುಡ್ಸ್ ಎಂಬ ಮರಗಳ ನಡುವೆ ಲಾಂಗ್‌ಸ್ಟ್ರೀಟ್ ಸಿಗುತ್ತಾನೆ. ಕುದುರೆ ಮೇಲೆಯೇ ಇದ್ದಾನೆ, ಆದರೆ ಕೆಳಗೆ ಕಟ್ಟೆ ಇಲ್ಲ. ಕುದುರೆಯ ಕಾಲು ನೆಲದ ಮಟ್ಟದಲ್ಲಿದೆ, ಮೂತಿ ಕೈಗೆ ಸಿಗುತ್ತದೆ. ಜೊತೆಗಿದ್ದ ಗೆಳೆಯನ ಮಗ ಅದರ ಮೂಗು ಸವರುತ್ತ, 'ಅಂಕಲ್, ಇವರಿಗೆ ಯಾಕೆ ಕಟ್ಟೆ ಕಟ್ಟಿಲ್ಲ, ದುಡ್ಡು ಸಾಲಲಿಲ್ವಾ?' ಎಂದ. ಆ ಪ್ರತಿಮೆ ನಿಂತದ್ದು 1998ರ ಜುಲೈ 3ರಂದು. ಗೆಟಿಸ್‌ಬರ್ಗ್ ಕಾಳಗ ಮುಗಿದು ಸರಿಯಾಗಿ 135 ವರ್ಷಕ್ಕೆ.

ದುಡ್ಡಿನ ವಿಷಯ ಅಲ್ಲಪ್ಪ, ಎಂದೆ. ಉಳಿದದ್ದನ್ನು ಹೇಳಲು ಅಲ್ಲಿ ಹೊತ್ತಿರಲಿಲ್ಲ. ಇಲ್ಲಿ ಹೇಳುತ್ತೇನೆ.

ದಕ್ಷಿಣದವರ ಪುರಾಣದಲ್ಲಿ ಗೆಟಿಸ್‌ಬರ್ಗ್ ಸೋಲಿಗೆ ಲಾಂಗ್‌ಸ್ಟ್ರೀಟ್ ಕಾರಣ. 1863ರ ಜುಲೈ 2ರಂದು ಸೂರ್ಯೋದಯಕ್ಕೇ ದಾಳಿ ಮಾಡು ಎಂದು ಲೀ ಆಜ್ಞಾಪಿಸಿದ್ದ, ಈತ ಮುನಿಸಿಕೊಂಡು ಸಂಜೆಯವರೆಗೆ ತಡ ಮಾಡಿದ, ಅದರಿಂದಲೇ ಎಲ್ಲ ಕೆಟ್ಟಿತು ಎಂಬುದು ಕಥೆ. ಈ ಕಥೆ ಹುಟ್ಟಿದ್ದು ಯಾವಾಗ? ಲೀ ಸತ್ತದ್ದು 1870ರ ಅಕ್ಟೋಬರ್‌ನಲ್ಲಿ. 1872ರಲ್ಲಿ ಜುಬಲ್ ಅರ್ಲಿ ಎಂಬ ಮಾಜಿ ಜನರಲ್ ಲೀಯ ಹುಟ್ಟುಹಬ್ಬದ ಭಾಷಣದಲ್ಲಿ ಲಾಂಗ್‌ಸ್ಟ್ರೀಟ್‌ನತ್ತ ಬೆರಳು ತೋರಿಸಿದ. ಮರುವರ್ಷ ಲೀಯ ತೋಪಖಾನೆಯ ಮುಖ್ಯಸ್ಥನಾಗಿದ್ದ ಪಾದ್ರಿ ಪೆಂಡಲ್ಟನ್ ಸೂರ್ಯೋದಯದ ಆಜ್ಞೆಯ ಮಾತು ತೆಗೆದ. ಯುದ್ಧ ಮುಗಿದ ಮೇಲೆ ಲೀ ಐದು ವರ್ಷ ಬದುಕಿದ್ದ. ಆಗ ಏಳದ ಮಾತು ಆತ ಮಣ್ಣಿಗೆ ಹೋದ ಮೇಲೆ ಎದ್ದಿತು.

ಸಂಶೋಧನೆ ಎಂದರೆ ಏನು ಎಂಬುದಕ್ಕೆ ಮುಂದಿನದು ಒಳ್ಳೆಯ ಪಾಠ. ಲಾಂಗ್‌ಸ್ಟ್ರೀಟ್ ಕೂಗಾಡಲಿಲ್ಲ, ಕಾಗದ ಬರೆದ. ಆ ದಿನ ಲೀಯ ಪಕ್ಕದಲ್ಲೇ ಇದ್ದ, ಆಜ್ಞೆಗಳನ್ನು ಬರೆಯುತ್ತಿದ್ದ, ಒಯ್ಯುತ್ತಿದ್ದ ಅಧಿಕಾರಿಗಳಾದ ಟೇಲರ್, ಮಾರ್ಷಲ್, ವೆನಬಲ್, ಲಾಂಗ್ ಇವರಿಗೆಲ್ಲ ಬರೆದು, ಇಂಥ ಆಜ್ಞೆ ನಿಮಗೆ ಗೊತ್ತೇ ಎಂದು ಕೇಳಿದ. ಅವರೇನೂ ಆತನ ಬಂಟರಲ್ಲ, ಲೀಯ ಭಕ್ತರು. ಆದರೂ ಅಂಥ ಆಜ್ಞೆಯನ್ನು ತಾವು ಕೇಳಿಯೇ ಇಲ್ಲ ಎಂದು ಉತ್ತರ ಬರೆದರು. ಆತ ಅದನ್ನೆಲ್ಲ ಅಚ್ಚು ಹಾಕಿಸಿದ. ಏನಾಯಿತು? ಏನೂ ಆಗಲಿಲ್ಲ. ಕಥೆ ಇನ್ನೂ ನೂರು ವರ್ಷ ಓಡಿತು. ಲಾಂಗ್‌ಸ್ಟ್ರೀಟ್ ತಪ್ಪೇ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ; ಆ ದಿನದ ಆತನ ನಿಧಾನದ ಬಗ್ಗೆ ಯುದ್ಧಶಾಸ್ತ್ರ ಬಲ್ಲವರು ಇಂದಿಗೂ ಜಗಳವಾಡುತ್ತಾರೆ, ಆಡಲಿ. ಆದರೆ ಸೂರ್ಯೋದಯದ ಆಜ್ಞೆ ಕಟ್ಟುಕಥೆ.

ಅಷ್ಟಕ್ಕೂ ಆತನ ನಿಜವಾದ ಅಪರಾಧ ನಡೆದದ್ದು ಗೆಟಿಸ್‌ಬರ್ಗ್‌ನಲ್ಲಲ್ಲ, ನ್ಯೂ ಆರ್ಲಿಯನ್ಸ್‌ನಲ್ಲಿ. ಯುದ್ಧ ಸೋತ ಮೇಲೆ ಆತ ಅಲ್ಲಿ ಹತ್ತಿ ದಲಾಲಿ, ವಿಮೆ ಅಂತ ಬದುಕು ಕಟ್ಟಿಕೊಂಡಿದ್ದ. 1867ರಲ್ಲಿ ಪತ್ರಿಕೆಗಳಿಗೆ ಬರೆದ: ನಾವು ಸೋತಿದ್ದೇವೆ, ಸೋತವರು ಗೆದ್ದವರ ಷರತ್ತು ಒಪ್ಪಬೇಕು, ಕಪ್ಪು ಜನರಿಗೆ ಮತದ ಹಕ್ಕು ಕೊಡುವ ಕಾನೂನಿನ ಜೊತೆ ಸಹಕರಿಸೋಣ. ಪ್ರಕಟಿಸಿದರೆ ನೀನು ಹಾಳಾಗುತ್ತೀ ಎಂದು ಸಾಕಿದ ಚಿಕ್ಕಪ್ಪನೇ ಎಚ್ಚರಿಸಿದ್ದ. ಲೀಯ ಬೆಂಬಲ ಕೇಳಿದರೆ ಆತ ನಯವಾಗಿ ಕೈ ತೊಳೆದುಕೊಂಡ. ಲಾಂಗ್‌ಸ್ಟ್ರೀಟ್ ಹಿಂದೆ ಸರಿಯಲಿಲ್ಲ. ಲಿಂಕನ್‌ನ ಪಕ್ಷವಾದ ರಿಪಬ್ಲಿಕನ್ ಪಕ್ಷ ಸೇರಿದ. ಹಳೆಯ ಗೆಳೆಯ ಗ್ರಾಂಟ್ ಅಧ್ಯಕ್ಷನಾದಾಗ ಬಂದರಿನ ಸುಂಕದ ಕಚೇರಿಯಲ್ಲಿ ಕೆಲಸ ಪಡೆದ.

1874ರ ಸೆಪ್ಟೆಂಬರ್ 14. ಚುನಾಯಿತ ರಾಜ್ಯ ಸರ್ಕಾರವನ್ನು ಕಿತ್ತೊಗೆಯಲು ವೈಟ್ ಲೀಗ್ ಎಂಬ ಬಿಳಿಯರ ಸಶಸ್ತ್ರ ಪಡೆ ನ್ಯೂ ಆರ್ಲಿಯನ್ಸ್‌ನ ಕೆನಾಲ್ ಸ್ಟ್ರೀಟ್‌ಗೆ ಇಳಿಯಿತು. ಅದರಲ್ಲಿ ಹಳೆಯ ಕಾನ್ಫೆಡರೇಟ್ ಸಿಪಾಯಿಗಳೇ ತುಂಬಿದ್ದರು. ಎದುರಿಗೆ ನಗರದ ಪೊಲೀಸರು ಮತ್ತು ಬಹುಪಾಲು ಕಪ್ಪು ಜನರಿದ್ದ ರಾಜ್ಯದ ದಳ. ಅದರ ದಂಡನಾಯಕ ಲಾಂಗ್‌ಸ್ಟ್ರೀಟ್. ಒಂಬತ್ತು ವರ್ಷಗಳ ಹಿಂದೆ ಯಾವ ಬಾವುಟದ ಕೆಳಗೆ ನಿಂತಿದ್ದನೋ ಆ ಬಾವುಟದವರ ಎದುರೇ ಈಗ ಕುದುರೆ ಮೇಲೆ ನಿಂತಿದ್ದ. ಆತನ ದಳ ಸೋತಿತು, ಆತ ಗಾಯಗೊಂಡು ಸೆರೆ ಸಿಕ್ಕ. ಮೂರು ದಿನದಲ್ಲಿ ಗ್ರಾಂಟ್ ಕಳಿಸಿದ ಸೈನ್ಯ ಬಂದು ಸರ್ಕಾರವನ್ನು ಮತ್ತೆ ಕೂರಿಸಿತು. ಆದರೆ 1877ರ ಹೊತ್ತಿಗೆ ಆ ಸೈನ್ಯ ಹಿಂದೆ ಸರಿಯಿತು, ಗೆದ್ದವರು ಯಾರೆಂಬುದು ತೀರ್ಮಾನವಾಯಿತು.

ಗೆದ್ದವರು 1891ರಲ್ಲಿ ಅದೇ ಬೀದಿಯಲ್ಲಿ ಕಲ್ಲಿನ ಕಂಬ ನೆಟ್ಟರು. ಸರ್ಕಾರದ ವಿರುದ್ಧ ದಂಗೆ ಎದ್ದು ಸತ್ತವರಿಗೆ ಸ್ಮಾರಕ! 1932ರಲ್ಲಿ ಅದರ ಮೇಲೆ ಬರಹವೂ ಬಂತು. 1876ರ ಚುನಾವಣೆಯು ದಕ್ಷಿಣದಲ್ಲಿ ಬಿಳಿಯರ ಮೇಲಾಧಿಪತ್ಯವನ್ನು ಮಾನ್ಯ ಮಾಡಿತು ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಕೊರೆಸಿದರು. 2017ರ ಏಪ್ರಿಲ್ 24ರಂದು ನಗರಾಡಳಿತ ಅದನ್ನು ಬೆಳಕು ಹರಿಯುವ ಮುನ್ನ ಕೀಳಿಸಿತು. ಕೆಲಸಗಾರರು ಮುಖ ಮುಚ್ಚಿಕೊಂಡು, ಗುಂಡು ತಡೆಯುವ ಅಂಗಿ ತೊಟ್ಟು ಬಂದಿದ್ದರು. ಇತಿಹಾಸ ಉಳಿಸಬೇಕೆನ್ನುವವರು ಕ್ರೇನ್ ಓಡಿಸುವವನ ಪ್ರಾಣಕ್ಕೆ ಬೆದರಿಕೆ ಹಾಕಿದ್ದ ಕಾಲ ಅದು. ಆಮೇಲೆ ಅದೇ ನಗರದ ಕಟ್ಟೆಗಳಿಂದ ಒಂದೊಂದಾಗಿ ಕಾನ್ಫೆಡರೇಟ್ ನಾಯಕರಾದ ಜೆಫರ್ಸನ್ ಡೇವಿಸ್, ಬೋರೆಗಾರ್ಡ್, ಕೊನೆಗೆ ಲೀ ಇಳಿದರು.

ನ್ಯೂ ಆರ್ಲಿಯನ್ಸ್ ಎಂದಾಗ ಧಾರವಾಡ ಸೀಮೆಯವರಿಗೆ ಒಂದು ಮಾತು ನೆನಪಿಸಬೇಕು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಲ್ಲಿನ ಎರೆಭೂಮಿಯಲ್ಲಿ ಬೆಳೆಸಿದ್ದು ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ. 'ಧಾರವಾಡ-ಅಮೆರಿಕನ್' ಎಂದೇ ಆ ಹತ್ತಿಗೆ ಹೆಸರು ಬಿತ್ತು. ಯುದ್ಧದಲ್ಲಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲವಾದಾಗ ಇಲ್ಲಿ ಬೆಲೆ ಗಗನಕ್ಕೇರಿತು. ಲೀ ಶರಣಾದ 1865ರಲ್ಲಿ ಬೆಲೆ ಕುಸಿದು ಬಾಂಬೆಯ ದೊಡ್ಡ ದೊಡ್ಡ ಕುಳಗಳೇ ದಿವಾಳಿಯಾದವು. ಹಾಗಾಗಿ ಇದು ಯಾರದೋ ಮನೆಯ ಜಗಳ ಎಂದು ನಾವು ಪೂರ್ತಿ ಕೈಕಟ್ಟಿ ಕೂರುವಂತಿಲ್ಲ.

ವಿಷಯಕ್ಕೆ ಬರೋಣ. ಪ್ರತಿಮೆ ಯಾರದ್ದು ಎಂದು ಕೇಳುವವರು ಮೊದಲು ಪ್ರತಿಮೆ ಯಾವ ವರ್ಷದ್ದು ಎಂದು ಕೇಳಬೇಕು. ರಿಚ್ಮಂಡ್‌ನ ಲೀ 1890ರವನು. ಷಾರ್ಲಟ್ಸ್‌ವಿಲ್‌ನ ಲೀ 1924ರವನು. ಕಪ್ಪು ಜನರ ಮತ ಕಿತ್ತುಕೊಂಡು, ಶಾಲೆ, ರೈಲು, ಆಸ್ಪತ್ರೆ ಎಲ್ಲ ಕಡೆ ಬೇಲಿ ಹಾಕಿದ ವರ್ಷಗಳು ಇವು. ಆ ಕಂಚು 1863ರ ಸಾಕ್ಷಿಯಲ್ಲ, ತನ್ನನ್ನು ಎರಕ ಹೊಯ್ದ ವರ್ಷದ ಸಾಕ್ಷಿ. ಯುದ್ಧದ ಶೌರ್ಯವೇ ಅಳತೆಗೋಲಾಗಿದ್ದರೆ ಲಾಂಗ್‌ಸ್ಟ್ರೀಟ್‌ಗೆ ದಕ್ಷಿಣದ ಊರೂರಲ್ಲಿ ಕಟ್ಟೆ ಇರಬೇಕಿತ್ತು. ಅಳತೆಗೋಲು 1865ರ ನಂತರದ ನಡತೆಯಾಗಿತ್ತು. ಕಪ್ಪು ಮನುಷ್ಯನ ಪಕ್ಕ ಒಂದು ದಿನ ನಿಂತವನಿಗೆ ಅದರಲ್ಲಿ ಅಂಕ ಬರಲಿಲ್ಲ. ಇತಿಹಾಸವನ್ನು ಅಳಿಸಿದ್ದು ಕ್ರೇನುಗಳಲ್ಲ. ಕಟ್ಟೆ ಕಟ್ಟಿದ ಗಾರೆಯವನ ಕರಣೆಯೇ ಆ ಕೆಲಸವನ್ನು ಎಂದೋ ಮುಗಿಸಿತ್ತು.

ಹಾಗೆಂದು ಲಾಂಗ್‌ಸ್ಟ್ರೀಟ್‌ನನ್ನು ಈಗ ಪೂಜೆಗೆ ಕೂರಿಸುವ ಉತ್ಸಾಹ ನನಗಿಲ್ಲ. ಅದೂ ಶುರುವಾಗಿದೆ. 1974ರ ಒಂದು ಕಾದಂಬರಿ, 'ದಿ ಕಿಲ್ಲರ್ ಏಂಜಲ್ಸ್', ಆತನನ್ನು ಮತ್ತೆ ಜನರ ಮುಂದೆ ತಂದಿತು. 1993ರಲ್ಲಿ ಅದು ಸಿನಿಮಾ ಆಯಿತು. ಇತಿಹಾಸಕಾರರ ಕೈಲಾಗದ್ದನ್ನು ಕಾದಂಬರಿಕಾರ ಮಾಡಿದ ಎಂದರೆ ತಪ್ಪಿಲ್ಲ. 2023ರಲ್ಲಿ ಎಲಿಜಬೆತ್ ವೇರನ್ ಬರೆದ ಜೀವನಚರಿತ್ರೆ ಬಂತು. ಲೀಯನ್ನು ಇಳಿಸಿದ ಕಟ್ಟೆಗಳ ಮೇಲೆ ಈತನನ್ನು ಏರಿಸಬಾರದೇಕೆ ಎಂದು ಉದಾರವಾದಿ ಗೆಳೆಯರೇ ಕೇಳುತ್ತಿದ್ದಾರೆ. ಸ್ವಾಮಿ, ಆ 1867ರ ಕಾಗದಗಳನ್ನು ಇನ್ನೊಮ್ಮೆ ಓದಿ. ಬಿಳಿಯರು ಸಹಕರಿಸಿದರೆ ಮಾತ್ರ ಕಪ್ಪು ಜನರ ಮತ ತಮ್ಮ ಹಿಡಿತದಲ್ಲಿ ಉಳಿಯುತ್ತದೆ ಎಂಬ ಲೆಕ್ಕಾಚಾರವೂ ಅವುಗಳಲ್ಲಿದೆ. ನಾಲ್ಕು ವರ್ಷ ಗುಲಾಮಗಿರಿಯ ಪರ ಕತ್ತಿ ಹಿಡಿದದ್ದಕ್ಕೆ 1896ರ ಆತ್ಮಕಥನದಲ್ಲೂ ಆತ ಕ್ಷಮೆ ಕೇಳಲಿಲ್ಲ. ಬದಲಾದ ಮನುಷ್ಯ ಹೌದು, ಎಷ್ಟು ಬದಲಾದ, ಯಾಕೆ ಬದಲಾದ ಎಂಬುದು ಕಂಚಿನಲ್ಲಿ ಎರಕ ಹೊಯ್ಯುವ ಸಂಗತಿಯಲ್ಲ. ಆತ ನೆಲದ ಮೇಲೇ ಇರಲಿ, ಮಕ್ಕಳು ಕುದುರೆಯ ಮೂಗು ಸವರಲಿ.

ಜನರಲ್‌ಗಳ ಬದುಕಿನ ಸಂಶೋಧನೆ ಎಂದರೆ ಬರೀ ಜನರಲ್‌ಗಳ ಕಾಗದ ಓದುವುದು ಎಂಬ ಭ್ರಮೆಯೇ ಈ ಗೊಂದಲದ ಬುಡದಲ್ಲಿದೆ. ಲೀಯ ಮನೆಯನ್ನೇ ನೋಡಿ. 1857ರಲ್ಲಿ ಮಾವ ತೀರಿಕೊಂಡಾಗ ಆರ್ಲಿಂಗ್ಟನ್ ತೋಟದ ಗುಲಾಮರು ಲೀಯ ಕೈಗೆ ಬಂದರು. ಐದು ವರ್ಷದೊಳಗೆ ಅವರನ್ನು ಬಿಡುಗಡೆ ಮಾಡಬೇಕೆಂದು ಉಯಿಲಿನಲ್ಲಿತ್ತು. ತಕ್ಷಣ ಬಿಡುಗಡೆಯೆಂದು ನಂಬಿದ್ದ ವೆಸ್ಲಿ ನಾರಿಸ್, ಆತನ ತಂಗಿ, ಒಬ್ಬ ಸೋದರಸಂಬಂಧಿ 1859ರಲ್ಲಿ ಉತ್ತರಕ್ಕೆ ಓಡಿಹೋದರು. ಮೇರಿಲ್ಯಾಂಡ್‌ನಲ್ಲಿ ಸಿಕ್ಕಿಬಿದ್ದು ವಾಪಸು ಬಂದರು. ಗಂಡಸರಿಗೆ ಐವತ್ತು, ಹೆಣ್ಣಿಗೆ ಇಪ್ಪತ್ತು ಚಾಟಿ ಏಟು ಎಂದು ಲೀ ಹೇಳಿದ; ಮೇಸ್ತ್ರಿ ಒಲ್ಲೆನೆಂದಾಗ ಕಾನ್‌ಸ್ಟೆಬಲ್ ಹೊಡೆದ; ಆಮೇಲೆ ಬೆನ್ನಿಗೆ ಉಪ್ಪುನೀರು ಸುರಿಸಲಾಯಿತು. ಇದು ನಾರಿಸ್ 1866ರಲ್ಲಿ ಕೊಟ್ಟ ಹೇಳಿಕೆ, ಆಗಲೇ ಗುಲಾಮಗಿರಿ ವಿರೋಧಿ ಪತ್ರಿಕೆಯಲ್ಲಿ ಅಚ್ಚಾದದ್ದು.

ನಾಲ್ಕು ಸಂಪುಟಗಳಲ್ಲಿ ಲೀಯ ಚರಿತ್ರೆ ಬರೆದು 1935ರಲ್ಲಿ ಪುಲಿಟ್ಜರ್ ಪಡೆದ ಡಗ್ಲಸ್ ಸೌತಲ್ ಫ್ರೀಮನ್, ಲೀ ಯಾರನ್ನೂ ಹೊಡೆಸಿದ ಪುರಾವೆಯೇ ಇಲ್ಲವೆಂದು ತಳ್ಳಿಹಾಕಿದರು. 2007ರಲ್ಲಿ ಎಲಿಜಬೆತ್ ಬ್ರೌನ್ ಪ್ರೈಯರ್ ಲೀಯದೇ ಲೆಕ್ಕದ ಪುಸ್ತಕ ತೆರೆದು, ಓಡಿಹೋದವರನ್ನು ಹಿಡಿದು ತಂದದ್ದಕ್ಕೆ ಕಾನ್‌ಸ್ಟೆಬಲ್‌ಗೆ ಕೊಟ್ಟ ಹಣ ಅಲ್ಲಿ ನಮೂದಾಗಿರುವುದನ್ನು ತೋರಿಸಿದರು.

ನಾರಿಸ್ ತನ್ನ ಹೇಳಿಕೆಯ ಕೊನೆಗೆ ವಿಳಾಸವನ್ನೂ ಕೊಟ್ಟಿದ್ದ. ತಾನೀಗ ಸರ್ಕಾರದ ಕೆಲಸದಲ್ಲಿದ್ದೇನೆ, ಆರ್ಲಿಂಗ್ಟನ್ ಗುಡ್ಡದ ರಾಷ್ಟ್ರೀಯ ಸ್ಮಶಾನದಲ್ಲಿ ದುಡಿಯುತ್ತಿದ್ದೇನೆ, ಹೆಚ್ಚಿನ ವಿವರ ಬೇಕಾದವರಿಗೆ ಅಲ್ಲೇ ಸಿಗುತ್ತೇನೆ ಎಂದು. ಚಾಟಿ ಏಟು ತಿಂದ ಅದೇ ತೋಟ ಅಷ್ಟರಲ್ಲಿ ಸ್ಮಶಾನವಾಗಿತ್ತು.