ಗಣಕದ ಅಂಗಳ ಬದಲಿಸುವ ಹೊತ್ತು



ಧಾರವಾಡದ ತಾಯಿಯೊಬ್ಬರು ನಮಗೆ ಬರೆದ ಪತ್ರದಲ್ಲಿ ಒಂದು ಸಣ್ಣ ಸಂಕಟವನ್ನು ತೋಡಿಕೊಂಡಿದ್ದಾರೆ. ವಿಂಡೋಸ್ 10ಕ್ಕೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಾಗ, ಎಂಜಿನಿಯರಿಂಗ್ ಓದುತ್ತಿರುವ ಅವರ ಮಗ ಮನೆಯ ಹಳೆಯ ಗಣಕಯಂತ್ರಕ್ಕೆ ಆರ್ಚ್ ಲಿನಕ್ಸನ್ನು ಅಳವಡಿಸಿದನಂತೆ. ಬಸವ ಜಯಂತಿಯ ಹೊತ್ತಿಗೆ ಹೊರಬರಬೇಕಾದ ಅಕ್ಕನ ಬಳಗದ ಸ್ಮರಣ ಸಂಚಿಕೆಯ ಲೇಖನಗಳನ್ನು ತಾಯಿಯವರು ಅದರಲ್ಲಿಯೇ ಬೆರಳಚ್ಚು ಮಾಡುತ್ತಿದ್ದಾರೆ. ಈಗ ಮಗನು ಗ್ನೋಮ್ ಬಿಟ್ಟು ಕೆಡಿಇ ಪ್ಲಾಸ್ಮಾಕ್ಕೆ ಹೋಗೋಣವೆನ್ನುತ್ತಾನೆ. "ಹೋಗುವುದಾದರೆ ಯಾವಾಗ ಹೋಗಬೇಕು?" ಎಂಬುದು ಅವರ ಪ್ರಶ್ನೆ. ಮುಹೂರ್ತ ಕೇಳುವ ಸಂಪ್ರದಾಯ ಶರಣರದಲ್ಲ. ಆದರೆ ಕೆಲಸಕ್ಕೆ ಹೊತ್ತು ನೋಡುವುದು ಬೇರೆ ಮಾತು. ಪ್ರಶ್ನೆ ಯುಕ್ತವಾಗಿಯೇ ಇದೆ.

ತಿಳಿಯದವರಿಗಾಗಿ ಎರಡು ಮಾತು. ಲಿನಕ್ಸಿನಲ್ಲಿ ಯಂತ್ರವನ್ನು ನಡೆಸುವ ಮೂಲವ್ಯವಸ್ಥೆ ಬೇರೆ. ಕಿಟಕಿ, ಪಟ್ಟಿ, ಚಿತ್ರಸಂಕೇತಗಳಿಂದ ಕೂಡಿದ, ನಾವು ಕಣ್ಣಾರೆ ಕಾಣುವ ಅಂಗಳ ಬೇರೆ. ಈ ಅಂಗಳಕ್ಕೆ ಡೆಸ್ಕ್‌ಟಾಪ್ ಪರಿಸರವೆಂದು ಹೆಸರು. ಮನೆಯನ್ನು ಕೆಡವದೆ ಅಂಗಳವನ್ನಷ್ಟೇ ಬದಲಿಸಬಹುದು. ಇನ್ನು ಡೆಬಿಯನ್‌ನಂತಹ ವ್ಯವಸ್ಥೆಗಳು ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿಯನ್ನು ಕೊಡುತ್ತವೆ. ಆರ್ಚ್, ಓಪನ್‌ಸೂಸೆ ಟಂಬಲ್‌ವೀಡ್ ಮೊದಲಾದವುಗಳಲ್ಲಿ ಅಂತಹ ಘಟ್ಟಗಳಿಲ್ಲ. ಸಿದ್ಧವಾದದ್ದು ಸಿದ್ಧವಾದಂತೆ ಬರುತ್ತಲೇ ಇರುತ್ತದೆ. ಇದನ್ನು ರೋಲಿಂಗ್ ರಿಲೀಸ್ ಎನ್ನುತ್ತಾರೆ. ನಳ ಬರುವ ದಿನವನ್ನು ಕಾದು ಕೊಡ ತುಂಬಿಸಿಕೊಂಡ ನಮ್ಮ ಊರಿನವರಿಗೆ ಎಡೆಬಿಡದೆ ಹರಿಯುವ ನೀರು ಭಾಗ್ಯವೆಂದೇ ತೋರೀತು. ಆದರೆ ಹುಬ್ಬಳ್ಳಿಯ ವರ್ತಕರು ಹೊಸ ಕೀರ್ದಿಯನ್ನು ಯಾವುದೋ ಒಂದು ಮಂಗಳವಾರ ತೆರೆಯುತ್ತಿರಲಿಲ್ಲ. ಅದಕ್ಕೆ ದೀಪಾವಳಿಯ ಪಾಡ್ಯವಿತ್ತು. ಹರಿಯುವ ವ್ಯವಸ್ಥೆಯಲ್ಲಿ ಅಂತಹ ಪಾಡ್ಯವೊಂದು ತಾನಾಗಿ ಬರುವುದಿಲ್ಲ. ಮನೆಯವರೇ ಅದನ್ನು ಗೊತ್ತುಮಾಡಿಕೊಳ್ಳಬೇಕು.

ಗೊತ್ತುಮಾಡಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ 2011ರ ಸಂಗತಿಯೇ ಸಾಕ್ಷಿ. ಆ ವರ್ಷದ ಏಪ್ರಿಲ್‌ನಲ್ಲಿ ಗ್ನೋಮ್ 3 ಬಿಡುಗಡೆಯಾಯಿತು. ಒಂಬತ್ತು ವರ್ಷಗಳಿಂದ ಜನರಿಗೆ ರೂಢಿಯಾಗಿದ್ದ ಗ್ನೋಮ್ 2ರ ಪಟ್ಟಿಗಳು, ಗುಂಡಿಗಳು ಮಾಯವಾಗಿ ತೀರ ಬೇರೆಯದೇ ಆದ ಅಂಗಳವೊಂದು ಎದುರು ನಿಂತಿತು. ಘಟ್ಟಘಟ್ಟವಾಗಿ ಸಾಗುವ ವ್ಯವಸ್ಥೆಗಳಲ್ಲಿದ್ದವರು ಹಳೆಯ ಆವೃತ್ತಿಯಲ್ಲಿ ಇನ್ನಷ್ಟು ಕಾಲ ಉಳಿಯಬಹುದಿತ್ತು. ಆರ್ಚ್ ಬಳಸುವವರಿಗೆ ಆ ಸೌಕರ್ಯವಿರಲಿಲ್ಲ. ಆಗ ಅರ್ಜೆಂಟೀನಾದ ಆರ್ಚ್ ಬಳಕೆದಾರನೊಬ್ಬ ಗ್ನೋಮ್ 2ರ ಮೂಲವನ್ನೇ ಕೈಗೆತ್ತಿಕೊಂಡು ಮುಂದುವರಿಸಿದ. ತನ್ನ ನಾಡಿನ ಪಾನೀಯದ ಹೆಸರನ್ನೇ ಅದಕ್ಕೆ ಮಾಟೆ ಎಂದು ಇಟ್ಟ. ಅದು ಇಂದಿಗೂ ಬಳಕೆಯಲ್ಲಿದೆ. ಎಲ್ಲರೂ ಹಾಗೆ ಮಾಡಬಲ್ಲರೇ? ಉಳಿದವರು ಒಂದು ಬೆಳಗ್ಗೆ ಎದ್ದು ನೋಡಿದಾಗ ಅಂಗಳ ಬದಲಾಗಿತ್ತು, ಅಷ್ಟೆ.

ಆದುದರಿಂದ ಬದಲಿಸಲು ತಕ್ಕ ಕಾರಣ ಯಾವುದು, ಅಲ್ಲದ್ದು ಯಾವುದು ಎಂಬುದನ್ನು ಮೊದಲು ವಿಂಗಡಿಸಿಕೊಳ್ಳಬೇಕು. ನಾವು ಆಶ್ರಯಿಸಿರುವ ಅಂಶವನ್ನು ತಯಾರಕರೇ ತೆಗೆದುಹಾಕುತ್ತಿದ್ದರೆ ಅದು ತಕ್ಕ ಕಾರಣ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಗ್ನೋಮ್ 49ರಲ್ಲಿ ಹಳೆಯ ಎಕ್ಸ್ 11 ಪದ್ಧತಿಯನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಿ ವೇಲ್ಯಾಂಡ್ ಒಂದನ್ನೇ ಉಳಿಸಿದ್ದು ಇದಕ್ಕೆ ಉದಾಹರಣೆ. ಯಂತ್ರದ ಶಕ್ತಿ ಸಾಲದಾದಾಗ ಎಕ್ಸ್‌ಎಫ್‌ಸಿಇಯಂತಹ ಹಗುರ ಅಂಗಳಕ್ಕೆ ಇಳಿಯುವುದೂ ತಕ್ಕದ್ದೇ. ಆದರೆ ಒಂದು ಕೆಟ್ಟ ನವೀಕರಣದಿಂದ ಉಂಟಾದ ಬೇಸರ ಕಾರಣವಲ್ಲ. ಅಂತಹ ದೋಷ ಕೆಲವೇ ದಿನಗಳಲ್ಲಿ ಸರಿಹೋಗುವುದುಂಟು. ಹೊಸತರ ಹೊಳಪಂತೂ ಕಾರಣವೇ ಅಲ್ಲ. ಯುವಕರು ಇದನ್ನು ಒಪ್ಪಲಾರರೆಂದು ನಾವು ಬಲ್ಲೆವು.

ಕನ್ನಡದಲ್ಲಿ ಬರೆಯುವವರಿಗೆ ಎಲ್ಲಕ್ಕಿಂತ ಮಿಗಿಲಾದ ವಿಚಾರವೊಂದಿದೆ. ತೆರೆಯ ಮೇಲೆ ಕನ್ನಡ ಅಕ್ಷರ ಮೂಡುವುದು ಅಂಗಳವನ್ನು ಅಷ್ಟಾಗಿ ಅವಲಂಬಿಸಿಲ್ಲ. ಆದರೆ ನಾವು ಒತ್ತಿದ ಕೀಲಿಯು ಅಕ್ಷರವಾಗಿ ಮಾರ್ಪಡುವ ಕ್ರಿಯೆ ಅವಲಂಬಿಸಿದೆ. ಕೆ.ಪಿ. ರಾಯರ ವಿನ್ಯಾಸವನ್ನು ಆಧರಿಸಿದ, ನುಡಿ ತಂತ್ರಾಂಶದ ಮೂಲಕ ನಾಡಿಗೆಲ್ಲ ಪರಿಚಿತವಾದ ಕಗಪ ಕೀಲಿವಿನ್ಯಾಸವು ಲಿನಕ್ಸಿನಲ್ಲಿ ಐಬಸ್ ಅಥವಾ ಫ್ಸಿಟಿಕ್ಸ್ ಎಂಬ ಮಧ್ಯವರ್ತಿಗಳ ಮೂಲಕ ದೊರೆಯುತ್ತದೆ. ಗ್ನೋಮ್‌ನಲ್ಲಿ ಐಬಸ್ ಅಂಗಳದೊಳಗೇ ಬೆಸೆದುಕೊಂಡಿದೆ. ಪ್ಲಾಸ್ಮಾದಲ್ಲಿ ಹಾಗಿಲ್ಲ; ವೇಲ್ಯಾಂಡ್ ಪದ್ಧತಿಯಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಎಂಬ ಪುಟಕ್ಕೆ ಹೋಗಿ, ಫ್ಸಿಟಿಕ್ಸ್ 5 ಅಥವಾ ಐಬಸ್ ವೇಲ್ಯಾಂಡನ್ನು ನಾವೇ ಆರಿಸಬೇಕು. ಕೀಬೋರ್ಡನ್ನು ಕೈಯಲ್ಲಿ ಹಿಡಿದುಕೊಂಡವರು ವರ್ಚುವಲ್ ಕೀಬೋರ್ಡ್ ಎಂಬ ಹೆಸರಿನಡಿ ಹುಡುಕಲು ಹೋಗುವುದುಂಟೇ! ಅದನ್ನರಿಯದ ಮಗನು ಎಲ್ಲವೂ ಸರಿಯಾಗಿದೆಯೆಂದು ರಜೆ ಮುಗಿಸಿ ಹೊರಟುಹೋದರೆ, ತಾಯಿಯ ಕೈಯಲ್ಲಿ ಕನ್ನಡವೇ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವನಿಗೆ ಈ ಕೊರತೆ ಕಾಣಿಸುವುದೂ ಇಲ್ಲ. ಬದಲಿಸುವ ದಿನವನ್ನು ನಿಶ್ಚಯಿಸುವ ಅಧಿಕಾರ ಯಂತ್ರ ಬಲ್ಲವನದಲ್ಲ, ಅದರಲ್ಲಿ ಕಾಯಕ ಮಾಡುವವರದೆಂದು ನಾವು ಹೇಳುವುದು ಇದಕ್ಕಾಗಿಯೇ.

ಈಗ ಆ ತಾಯಿಯವರ ಪ್ರಶ್ನೆಗೆ ಬರೋಣ. ಸ್ಮರಣ ಸಂಚಿಕೆಯ ಕೊನೆಯ ಕರಡು ಮುದ್ರಣಾಲಯಕ್ಕೆ ಹೋಗುವವರೆಗೆ ಅಂಗಳವನ್ನು ಮುಟ್ಟಲಾಗದು. ಬಳಿಕವೂ ಪ್ಲಾಸ್ಮಾದ ಹೊಸ ಆವೃತ್ತಿ ಬಂದ ವಾರದಲ್ಲಿಯೇ ಹಾರುವುದು ಬೇಡ. ಮೊದಲೆರಡು ತಿದ್ದುಪಡಿಗಳು ಒಂದೊಂದು ವಾರದ ಅಂತರದಲ್ಲಿ ಬರುತ್ತವೆ, ಮೂರನೆಯದು ಮತ್ತೆರಡು ವಾರಕ್ಕೆ. ಆ ಮೂರನೆಯದರವರೆಗೆ ಕಾಯಬೇಕು. ಮೊದಲು ಇಡೀ ವ್ಯವಸ್ಥೆಯನ್ನು ಪೂರ್ಣವಾಗಿ ನವೀಕರಿಸಿ (ಆರ್ಚ್‌ನಲ್ಲಿ ಅರೆಬರೆ ನವೀಕರಣಕ್ಕೆ ಬೆಂಬಲವಿಲ್ಲ), ಒಂದು ವಾರ ಹಳೆಯ ಅಂಗಳದಲ್ಲಿಯೇ ಕೆಲಸ ಮಾಡಿ ನೋಡಬೇಕು. ಎರಡನ್ನೂ ಒಂದೇ ದಿನ ಮಾಡಿದರೆ ಕೆಟ್ಟದ್ದು ಯಾವುದರಿಂದ ಎಂಬುದು ತಿಳಿಯದು. ಅನಂತರ ಗ್ನೋಮ್‌ನ ಪಕ್ಕದಲ್ಲಿಯೇ ಪ್ಲಾಸ್ಮಾವನ್ನು ಸ್ಥಾಪಿಸಿ, ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ಅದರಲ್ಲಿ ಪರೀಕ್ಷಿಸುವುದು ಕ್ಷೇಮ. ಎರಡು ಅಂಗಳಗಳ ಹೊಂದಾಣಿಕೆಗಳು ಕಲಬೆರಕೆಯಾಗುವುದಿಲ್ಲ. ಪ್ರವೇಶದ ತೆರೆಯಲ್ಲಿ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು.

ಪರೀಕ್ಷೆಯನ್ನು ತಾಯಿಯವರೇ ಮಾಡಲಿ, ಮಗನು ಪಕ್ಕದಲ್ಲಿರಲಿ. ಸ್ತ್ರೀ, ರಾಷ್ಟ್ರ, ಧರ್ಮ, ಜ್ಞಾನ ಎಂಬ ಒತ್ತಕ್ಷರದ ಪದಗಳನ್ನು ಲಿಬ್ರೆ ಆಫೀಸಿನಲ್ಲಿಯೂ ಬ್ರೌಸರಿನಲ್ಲಿಯೂ ಬೆರಳಚ್ಚಿಸಿ, ಒಂದು ಪುಟವನ್ನು ಮುದ್ರಿಸಿ ನೋಡಲಿ. ಅವರ ಕೈಗೆ ಅದು ಒಗ್ಗಿದರೂ ಗ್ನೋಮನ್ನು ಶ್ರಾವಣ ಕಳೆಯುವವರೆಗೆ ಯಂತ್ರದಿಂದ ತೆಗೆಯಬಾರದು.