ಸಿಗ್ನಲ್ ಬರ್ತಿದೆ ಅಂದ್ರೆ ಕೊರಳು ಸರಿ ಇದೆ ಅಂತಲ್ಲ…

ವರ್ಷಕ್ಕೆ ಒಂದೆರಡು ಸಲ ಪೇಪರಿನಲ್ಲಿ ಒಂದು ಫೋಟೋ ಬರುತ್ತೆ, ನೀವೂ ನೋಡಿರ್ತೀರಿ. ಅರೆ ಮಂಪರಿನಲ್ಲಿ ನಿಂತ ಕಾಡಾನೆ, ಎರಡೂ ಪಕ್ಕದಿಂದ ಒತ್ತಿ ಹಿಡಿದ ಸಾಕಾನೆಗಳು, ಕೊರಳಿಗೆ ಹೊಸ ದಪ್ಪ ಬೆಲ್ಟು, ಸುತ್ತ ಖಾಕಿಯವರು. ಕೆಳಗೆ ‘ರೇಡಿಯೋ ಕಾಲರ್ ಅಳವಡಿಕೆ ಯಶಸ್ವಿ’ ಅಂತ ಒಂದು ಸಾಲು. ಅಲ್ಲಿಗೆ ಸುದ್ದಿ ಮುಗೀತು. ಆರು ತಿಂಗಳಾದ ಮೇಲೆ ಆ ಕೊರಳು ಹೇಗಿದೆ ಅಂತ ನಾನಂತೂ ಇವತ್ತಿನವರೆಗೆ ಓದಿಲ್ಲ.

ಇದು ನನ್ನನ್ನ ಇಷ್ಟು ಕೊರೆಯೋಕೆ ಒಂದು ಕಾರಣ ಇದೆ, ಹೇಳ್ಬಿಡ್ತೀನಿ.

ನಾನಾಗ ಆರನೇ ಕ್ಲಾಸು. ಜನ್ನಾಪುರದ ನಮ್ಮ ಮನೆ ಹಿಂದೆ ಸಣ್ಣದೊಂದು ಕೊಟ್ಟಿಗೆ, ಅದರಲ್ಲಿ ಗೌರಿ ಅನ್ನೋ ಕರು. ಮೇವು ಸಾಲದೆ ಅದನ್ನು ಉಂಬ್ಳೆಬೈಲು ಕಡೆ ಇದ್ದ ಮಾವನ ಮನೆಗೆ ಕಳಿಸೋದು ಅಂತಾಯ್ತು. ಅಲ್ಲಿ ಗದ್ದೆ ದಾಟಿದರೆ ಕಾಡು. ಕಳೆದುಹೋಗಬಾರದಲ್ಲ, ಅದಕ್ಕೆ ಗಂಟೆ ಕಟ್ಟಿದ್ದು ನಾನೇ. ನಾರಿನ ಹಗ್ಗ ಸವೆದುಹೋಗುತ್ತೆ ಅಂತ ನೈಲಾನ್ ಹಗ್ಗ ತಂದು, ಬಿಚ್ಚಬಾರದು ಅಂತ ಎರಡು ಗಂಟು ಹಾಕಿ ಎಳೆದೆ. “ಬೆಳೆಯೋ ಕರು ಮಗಾ, ಸಡಿಲ ಬಿಡು” ಅಂದ್ರು ಅಜ್ಜಿ. ನಾನು ಬಿಡಲಿಲ್ಲ.

ಬೇಸಿಗೆ ರಜಕ್ಕೆ ಹೋದಾಗ ಗೌರಿ ಹತ್ತಿರ ಹೋದ್ರೆ ಕೆಟ್ಟ ವಾಸನೆ. ಹಗ್ಗ ಕಾಣ್ತಾ ಇರಲಿಲ್ಲ, ಚರ್ಮದೊಳಗೆ ಹೋಗಿತ್ತು. ದನದ ಡಾಕ್ಟ್ರು ಬಂದು ಕತ್ತರಿಸಿ ತೆಗೆಯೋವಾಗ ನಾನು ಬಚ್ಚಲುಮನೆ ಹಿಂದೆ ಹೋಗಿ ನಿಂತಿದ್ದೆ. ಮಾವ ಕೆಟ್ಟವರಲ್ಲ. ಮಳೆಗಾಲ, ಕತ್ತಲೆ ಕೊಟ್ಟಿಗೆ, ಹತ್ತಾರು ದನ. ಅವರು ಹೇಳಿದ ಮಾತು ಮಾತ್ರ ಈಗಲೂ ಕಿವಿಯಲ್ಲಿದೆ: “ದಿನಾ ಗಂಟೆ ಸದ್ದು ಕೇಳ್ತಿತ್ತಲ್ಲೋ, ಕರು ಚೆನ್ನಾಗೇ ಇದೆ ಅಂದ್ಕೊಂಡಿದ್ವಿ.”

ರೇಡಿಯೋ ಕಾಲರ್ ವಿಷಯದಲ್ಲಿ ನಾವು ಮಾಡ್ತಿರೋದೂ ಇದನ್ನೇ. ಸಿಗ್ನಲ್ ಬರ್ತಿದೆ, ನಕ್ಷೆ ಮೇಲೆ ಚುಕ್ಕಿ ಓಡಾಡ್ತಿದೆ, ಹಾಗಾಗಿ ಆನೆ ಚೆನ್ನಾಗಿದೆ! ಚುಕ್ಕಿ ಹೇಳೋದು ಆನೆ ಎಲ್ಲಿದೆ ಅನ್ನೋದನ್ನ ಮಾತ್ರ ಮಾರಾಯ್ರೆ. ಬೆಲ್ಟಿನ ಕೆಳಗೆ ಏನಾಗಿದೆ ಅನ್ನೋದನ್ನ ಅದು ಹೇಳಲ್ಲ.

ಕುನೋದ ಚೀತಾಗಳ ಕತೆ ನೆನಪಿದೆಯಾ? 2023ರ ಜುಲೈ ತಿಂಗಳಲ್ಲಿ ಮೂರೇ ದಿನದ ಅಂತರದಲ್ಲಿ ತೇಜಸ್, ಸೂರಜ್ ಎರಡೂ ಸತ್ತವು. ಮಳೆಗಾಲದ ತೇವದಲ್ಲಿ ಕಾಲರ್ ಕೆಳಗೆ ಗಾಯವಾಗಿ, ಹುಳ ಬಿದ್ದು, ಸೋಂಕು ಮೈಗೇರಿತ್ತು. ಆಮೇಲೆ ಉಳಿದವನ್ನ ಹಿಡಿದು ಕೊರಳು ತಪಾಸಣೆ ಮಾಡಿದರು. ಆಫ್ರಿಕಾದಲ್ಲಿ ವರ್ಷಗಟ್ಟಲೆ ಬಳಸಿದ ಪಟ್ಟಿ ನಮ್ಮ ಮಳೆಗೆ ಹೀಗಾಯ್ತು. ನಮ್ಮ ಮಲೆನಾಡಿನ ಮಳೆ ಅದಕ್ಕಿಂತ ಕಮ್ಮಿಯಾ?

ಇಂಗ್ಲೆಂಡಿನ ಹಳ್ಳಿಗಳಲ್ಲಿ ಮೊಲದ ಬಿಲಕ್ಕೆ ಫೆರೆಟ್ ಅನ್ನೋ ಮುಂಗುಸಿಯಂಥ ಸಾಕು ಪ್ರಾಣಿಯನ್ನು ಬಿಡ್ತಾರೆ. ಅದರ ಕೊರಳಲ್ಲೂ ಪುಟ್ಟ ಟ್ರಾನ್ಸ್‌ಮಿಟರ್. ಬಿಲದೊಳಗೇ ಉಳಿದುಬಿಟ್ಟರೆ ಮೇಲಿನಿಂದ ಜಾಗ ಪತ್ತೆ ಹಚ್ಚಿ ಅಗೆದು ತೆಗೀತಾರೆ. ಕೆಲಸ ಮುಗಿದ ಮೇಲೆ ಪಟ್ಟಿ ಬಿಚ್ಚಿಡ್ತಾರೆ. ಅಷ್ಟು ದೂರ ಯಾಕೆ, ನಮ್ಮ ಸಕ್ರೆಬೈಲಿಗೆ ಹೋಗಿ ನೋಡಿ. ಸಂಜೆ ಆನೆಗಳನ್ನು ಕಾಡಿಗೆ ಮೇಯೋಕೆ ಬಿಡುವಾಗ ಕಾಲಿಗೆ ಉದ್ದನೆ ಸರಪಳಿ ಕಟ್ಟಿರ್ತಾರೆ. ಅದು ನೆಲದ ಮೇಲೆ ಎಳೆದುಕೊಂಡು ಹೋದ ಗುರುತು ಹಿಡಿದು ಬೆಳಿಗ್ಗೆ ಕಾವಾಡಿಗಳು ಹುಡುಕಿಕೊಂಡು ಹೋಗ್ತಾರೆ. ಬ್ಯಾಟರಿ ಇಲ್ಲದ ಜಿಪಿಎಸ್ :) ಆ ಸರಪಳಿಯಿಂದಲೂ ಗಾಯ ಆಗುತ್ತೆ. ಆದರೆ ಬೆಳಿಗ್ಗೆ ತುಂಗಾ ಹಿನ್ನೀರಿನಲ್ಲಿ ಆನೆಯನ್ನು ಮಲಗಿಸಿ ಉಜ್ಜುವಾಗ ಮಾವುತನ ಕೈ ಆ ಕಾಲಿನ ಮೇಲೆ ಹೋಗೇ ಹೋಗುತ್ತೆ. ಕಾಡಾನೆ ಕೊರಳಿಗೆ ಆ ಕೈ ಇಲ್ಲ.

ಹಾಗಂತ ಕಾಲರ್ ಬೇಡ ಅನ್ನೋ ಜಾತಿಯವನಲ್ಲ ನಾನು. 1990ರಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳಿಗೆ ಕಾಲರ್ ತೊಡಿಸಿದ್ದರಿಂದಲೇ ಹುಲಿಗೆ ಎಷ್ಟು ಕಾಡು ಬೇಕು ಅನ್ನೋದು ನಮಗೆ ಗೊತ್ತಾಗಿದ್ದು. 2023ರ ಗಣತಿ ಪ್ರಕಾರ ರಾಜ್ಯದಲ್ಲಿ 6,395 ಆನೆ. ಹಿಂಡಿನ ಒಂದು ಹೆಣ್ಣಾನೆಗೆ ಕಾಲರ್ ಇದ್ರೂ ಇಡೀ ಹಿಂಡು ಎಲ್ಲಿದೆ ಅಂತ ಊರಿನವರ ಮೊಬೈಲಿಗೆ ಮೆಸೇಜ್ ಕಳಿಸಬಹುದು. ಬೆಳಗಿನ ಮಂಜಿನಲ್ಲಿ ಕಾಫಿ ತೋಟಕ್ಕೆ ನಡೆದು ಹೋಗೋ ಕೂಲಿಯವರಿಗೆ ಆ ಮೆಸೇಜ್ ಜೀವ. ಕಾಡಂಚಿನಲ್ಲಿ ಒಂದು ರಾತ್ರಿ ಬಾಳೆ ತೋಟ ಕಾದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

2025ರ ಮಾರ್ಚ್‌ನಲ್ಲಿ ನಮ್ಮ ಅರಣ್ಯ ಇಲಾಖೆ ಇಲ್ಲೇ ತಯಾರಾದ ಕಾಲರ್ ಹೊರತಂದಿತು. ಹೊರದೇಶದ್ದು ಆರೂವರೆ ಲಕ್ಷ ಇದ್ರೆ ಇದು 1.80 ಲಕ್ಷ, ತೂಕವೂ ಕಮ್ಮಿ. ಖುಷಿ ವಿಷಯವೇ. ಅಗ್ಗ ಆದ್ರೆ ಇನ್ನೂ ಹೆಚ್ಚು ಕೊರಳಿಗೆ ಬೀಳುತ್ತೆ, ಅದಕ್ಕೇ ಈಗಲೇ ಕೇಳ್ತಿದ್ದೀನಿ: ಬಿಚ್ಚೋ ದಿನ ಯಾವುದು?

“ಮತ್ತೆ ಹಿಡಿದು ನೋಡಿ” ಅನ್ನೋದು ಬಾಯಲ್ಲಿ ಸುಲಭ, ಗೊತ್ತು. ಮತ್ತೆ ಅರಿವಳಿಕೆ, ಮತ್ತೆ ಸಾಕಾನೆ, ಮತ್ತೆ ಅಪಾಯ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮನಿಗೆ ಚಿಕಿತ್ಸೆ ಕೊಡಲು ಹೋದಾಗ ‘ಆನೆ ವೆಂಕಟೇಶ್’ ಅಂತಲೇ ಹೆಸರಾಗಿದ್ದ ವೆಂಕಟೇಶ್ ಪ್ರಾಣ ಕಳೆದುಕೊಂಡರು. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ ಕಾಡಾನೆ ಕಾರ್ಯಾಚರಣೆ ವೇಳೆ, ಎಂಟು ಸಲ ಅಂಬಾರಿ ಹೊತ್ತ ಅರ್ಜುನ ಸತ್ತ. ಅವತ್ತು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅದಕ್ಕೇ ನಾನು ಹೇಳೋದು, ಕಟ್ಟುವಾಗಲೇ ಬಿಚ್ಚೋದನ್ನ ಯೋಚನೆ ಮಾಡಿ ಅಂತ. ಬೆಳವಣಿಗೆ ನಿಂತ ದೊಡ್ಡ ಹೆಣ್ಣಾನೆ ಸಿಕ್ಕರೆ ಅದಕ್ಕೇ ಕಟ್ಟಿ. ಗಂಡಾನೆ ತುಂಬಾ ವಯಸ್ಸಿನವರೆಗೂ ಬೆಳೀತಾನೇ ಇರುತ್ತೆ, ಎಳೆ ಗಂಡಿಗೆ ಅನಿವಾರ್ಯ ಆದ್ರೆ ಮಾತ್ರ. ಹೇಳಿದ ಅವಧಿಗೆ ತಾನೇ ಕಳಚಿಕೊಳ್ಳೋ ಸಾಧನ ಕಾಲರ್‌ಗಳಲ್ಲಿ ಹೊಸದೇನಲ್ಲ, ಬೆಲ್ಟಿನ ಒಂದು ಕಡೆ ಕಾಲಕ್ರಮೇಣ ಸವೆದು ಹರಿಯೋ ತುಂಡು ಹಾಕೋದೂ ಉಂಟು. ಅದನ್ನ ಟೆಂಡರ್‌ನಲ್ಲೇ ಬರೀರಿ. ಕಾಲರ್ ಬಿದ್ದುಹೋಯ್ತು ಅಂದ ಕೂಡಲೇ ದುಡ್ಡು ದಂಡ ಅಂತ ಬೊಬ್ಬೆ ಹೊಡೆಯೋದನ್ನ ನಾವೂ ಬಿಡಬೇಕು. ಮೂರು ತಿಂಗಳಿಗೊಮ್ಮೆ ಒಳ್ಳೆ ಲೆನ್ಸ್ ಹಿಡಿದು ಕೊರಳಿನ ಫೋಟೋ ತೆಗೆಯೋಕೆ ಅರಿವಳಿಕೆ ಬೇಕಾಗಿಲ್ಲ, ಆನೆ ಎಲ್ಲಿದೆ ಅಂತ ಹೇಗೂ ಗೊತ್ತಿರುತ್ತಲ್ಲ! ಆ ಫೋಟೋನೂ ಪೇಪರಿಗೆ ಕೊಡಲಿ, ಮೊದಲ ಫೋಟೋ ಬಂದ ಜಾಗದಲ್ಲೇ.

ಅಂದ ಹಾಗೆ ಗೌರಿ ಬದುಕಿತು. ಆಮೇಲೆ ನಾಲ್ಕು ಕರು ಹಾಕಿತು. ಕೊರಳ ಸುತ್ತ ಒಂದು ಬೆರಳಗಲ ಮಾತ್ರ ಕೊನೇವರೆಗೂ ಕೂದಲು ಬರಲಿಲ್ಲ, ನಾನು ಮುಟ್ಟೋಕೆ ಹೋದರೆ ತಲೆ ಕೊಡವಿ ಪಕ್ಕಕ್ಕೆ ಸರೀತಿತ್ತು.